ಮಳೆಗಾಲದಲ್ಲಿ ಕೋವಿಯ ತೋಟೆ (ಕಾರ್ಟ್ರಿಡ್ಜ್) ಇಡುವುದು: ನನ್ನ ಟಿಪ್ಪಣಿ

ಕಾರ್ಕಳದ ಹತ್ತಿರ ನಮ್ಮದು ಅಡಿಕೆ ತೋಟ. ಬೆಳೆ ರಕ್ಷಣೆ ಕೋವಿಯ ಲೈಸೆನ್ಸ್ ಇಷ್ಟು ವರ್ಷ ಅಪ್ಪನ ಹೆಸರಲ್ಲಿತ್ತು, ಈಗ ನಾನು ಅರ್ಜಿ ಹಾಕಿದ್ದೇನೆ. 2016ರ ಆಯುಧ ನಿಯಮಗಳು ಬಂದ ಮೇಲೆ ಹೊಸಬರು ಸುರಕ್ಷತೆಯ ತರಬೇತಿ ಪಡೆಯಬೇಕು, ಅದಕ್ಕೆ ಓದುತ್ತಾ ಬರೆದಿಟ್ಟದ್ದು ಇದು. ನನ್ನ ಹಾಗೆ ಓದುತ್ತಿರುವವರಿಗೆ ಉಪಯೋಗಕ್ಕೆ ಬರಲಿ.

ಸುಲಭದ್ದು ಮೊದಲು. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ, ಎರಡು ಬೀಗದ ಕೈ ಒಂದೇ ಗೊಂಚಲಲ್ಲಿ ಬೇಡ. ಲೈಸೆನ್ಸ್‌ನಲ್ಲಿ ಎಷ್ಟು ತೋಟೆ ಅಂತ ಬರೆದಿದೆಯೋ ಅದಕ್ಕಿಂತ ಒಂದೂ ಜಾಸ್ತಿ ಇರಬಾರದು. ಕೋವಿಯನ್ನು ತುಂಬಿಸಿ ಇಡಲೇಬಾರದು. ಬೆಂಕಿಗೆ ಬಿದ್ದ ಬಿಡಿ ತೋಟೆ ಕೋವಿಯಿಂದ ಹೊಡೆದ ಹಾಗೆ ಹಾರುವುದಿಲ್ಲ, ಚಿಪ್ಪು ಒಡೆದು ಚೂರು ಸಿಡಿಯುತ್ತದೆ. ಅದೇ ತೋಟೆ ಕೋವಿಯೊಳಗೆ ಇದ್ದರೆ ಈಡು ನಳಿಗೆಯಿಂದಲೇ ಹೊರಡುತ್ತದೆ. ಬೋರ್ ಅಂದರೆ ನಳಿಗೆಯ ಅಗಲದ ಅಳತೆ, 20 ಬೋರ್ 12ಕ್ಕಿಂತ ಸಣ್ಣದು. ಎರಡೂ ಇರುವ ಮನೆಯಲ್ಲಿ ತೋಟೆಯ ಡಬ್ಬಿ ಬೇರೆ ಬೇರೆ ಇರಲಿ. 20ರ ತೋಟೆ 12ರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಅದು ಕಾಣದೆ ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಕೊಡುವುದೇ ಈ ಕಾರಣಕ್ಕೆ.

ಇನ್ನು ನನ್ನನ್ನು ಒಂದು ವಾರ ಕಾಡಿದ್ದು: ತೇವ.

ಅಪ್ಪನ ತೋಟೆಗಳು ಚರ್ಮದ ಬೆಲ್ಟಿನಲ್ಲಿ ಗೋಡೆಗೆ ನೇತಾಡುತ್ತಿದ್ದವು. ಒಂದನ್ನು ತೆಗೆದು ನೋಡಿದೆ. ಹಿತ್ತಾಳೆಯ ತಳದ ಸುತ್ತ ಹಸಿರು ಹಿಟ್ಟು ಕೂತಿತ್ತು, ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಚರ್ಮ ಹದ ಮಾಡುವಾಗ ಹಾಕುವ ಆಮ್ಲ, ನಮ್ಮ ಕರಾವಳಿಯ ಉಪ್ಪು ಗಾಳಿ, ಎರಡೂ ಸೇರಿ ಹಿತ್ತಾಳೆಯನ್ನು ತಿನ್ನುತ್ತವೆ. ಬೆಲ್ಟ್ ಇರುವುದು ಹೊತ್ತುಕೊಂಡು ಹೋಗಲಿಕ್ಕೆ, ತುಂಬಿಸಿ ಇಡಲಿಕ್ಕೆ ಅಲ್ಲ. ಅಜ್ಜನ ಕಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರಂತೆ. "ಅಲ್ಲಿ ಬೆಚ್ಚಗಿರ್ತದೆ ಮಗಾ" ಅಂತ ಅಪ್ಪ ಈಗಲೂ ಹೇಳುತ್ತಾರೆ. ಬೆಚ್ಚಗಿರುವುದು ನಿಜ, ಆದರೆ ದಿನಾ ಬಿಸಿಯಾಗುತ್ತಿದ್ದರೆ ತೋಟೆಯೊಳಗಿನ ಮದ್ದು ಬೇಗ ಕೆಡುತ್ತದೆ.

ಹಾಗಾದರೆ ರಬ್ಬರ್ ಇರುವ ಗಟ್ಟಿ ಮುಚ್ಚಳದ ಡಬ್ಬಿ ಸಾಕಲ್ವಾ? ನಾನು ಎಡವಿದ್ದು ಇಲ್ಲೇ. ಜುಲೈಯಲ್ಲಿ ಮುಚ್ಚಿದರೆ ಒಳಗಿರುವುದೂ ಜುಲೈಯ ಗಾಳಿಯೇ. ಲೆಕ್ಕ ಮಾಡಿದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರು ಹಿಡಿಯುತ್ತದೆ. ತೇವಾಂಶ ಶೇಕಡಾ 90 ಇದ್ದರೆ 27 ಗ್ರಾಂ. 10 ಲೀಟರ್ ಡಬ್ಬಿಯಲ್ಲಿ 0.27 ಗ್ರಾಂ. ರಾತ್ರಿ 24 ಡಿಗ್ರಿಗೆ ಇಳಿದಾಗ ಆ ಗಾಳಿ ಹಿಡಿಯುವುದು 0.22 ಗ್ರಾಂ ಮಾತ್ರ. ಉಳಿದ 0.05 ಗ್ರಾಂ ನೀರಾಗುತ್ತದೆ. ಅಂದರೆ ಒಂದು ಹನಿ.

ಒಂದು ಹನಿಯಿಂದ ಇಷ್ಟೆಲ್ಲ ತುಕ್ಕು ಹಿಡಿಯುತ್ತದಾ? ಎರಡು ದಿನ ಇದೇ ಯೋಚನೆ. ಆಮೇಲೆ ಹೊಳೆಯಿತು: ನೀರು ಕೂತಿರುವುದು ಗಾಳಿಯಲ್ಲಿ ಅಲ್ಲ, ರಟ್ಟಿನಲ್ಲಿ! ತೋಟೆ ಬರುವ ರಟ್ಟಿನ ಪೆಟ್ಟಿಗೆಗಳು 100 ಗ್ರಾಂ ತೂಗಿದರೆ ಮಳೆಗಾಲದಲ್ಲಿ ಅದರಲ್ಲಿ 10 ಗ್ರಾಂಗಿಂತ ಜಾಸ್ತಿ ನೀರು ಇರುತ್ತದೆ. ಗಾಳಿಯಲ್ಲಿ ಇರುವುದರ ನಲವತ್ತು ಪಟ್ಟು. ಹಳೆಯ ಕಾಗದದ ತೋಟೆಗಳು ಉಬ್ಬಿ ಕೋವಿಯೊಳಗೆ ಹೋಗದೆ ಇರುವುದಕ್ಕೂ ಕಾರಣ ಇದೇ, ಕಾಗದ ನೀರು ಕುಡಿಯುತ್ತದೆ.

ಹಾಗಾಗಿ ನಾನು ಮಾಡುವುದು ಇಷ್ಟು. ಡಬ್ಬಿ ತುಂಬಿಸುವುದು ಜನವರಿ, ಫೆಬ್ರವರಿಯ ಒಣ ಹಗಲಲ್ಲಿ. ತೋಟೆ ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ, ಯಾವ ತೋಟೆ ಅಂತ ಗೊತ್ತಾಗಬೇಕಲ್ಲ. ಜೊತೆಗೆ ತೇವ ಹೀರುವ ಹರಳು, ಸಿಲಿಕಾ ಜೆಲ್, 50 ಗ್ರಾಂ. ಅದು ತನ್ನ ತೂಕದ ಐದನೇ ಒಂದು ಭಾಗದಷ್ಟು, ಅಂದರೆ 10 ಗ್ರಾಂ ನೀರು ಸುಲಭವಾಗಿ ಹೀರುತ್ತದೆ. ಒಂದು ವಾರ ಆದ ಮೇಲೆ ಒಂದೇ ಒಂದು ಸಲ ಜೆಲ್ ಬದಲಿಸಿ. ಆಮೇಲೆ ಮಳೆಗಾಲ ಮುಗಿಯುವವರೆಗೆ ಸುಮ್ನೆ ತೆಗೆದು ನೋಡಬೇಡಿ, ತೆಗೆದಾಗಲೆಲ್ಲ ಹೊಸ ತೇವ ಒಳಗೆ ಬರುತ್ತದೆ. ನೀಲಿ ಜೆಲ್ ಗುಲಾಬಿಯಾದರೆ ತುಂಬಿತು ಅಂತ ಅರ್ಥ. ಆ ನೀಲಿ ಬಣ್ಣ ಕೋಬಾಲ್ಟ್ ಲವಣದ್ದು, ವಿಷ. ಮಕ್ಕಳ ಕೈಗೆ ಸಿಗಬಾರದು, ಒಣಗಿಸಲಿಕ್ಕೆ ಅಡುಗೆ ಪಾತ್ರೆ ಬಳಸಬಾರದು.

ರಬ್ಬರ್ ಸರಿ ಇದೆಯಾ ಅಂತ ನೋಡಲು ಒಂದು ಕಾಗದದ ಚೂರು ಸಾಕು. ಅಂಚಲ್ಲಿ ಇಟ್ಟು ಮುಚ್ಚಳ ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತದೆ. ನಾಲ್ಕೂ ಬದಿ ನೋಡಿ.

ಹಸಿರು ಹಿಡಿದ ತೋಟೆಗೆ ಎಣ್ಣೆ ಹಚ್ಚಿ ಉಜ್ಜಬೇಡಿ. ಎಣ್ಣೆ ಸಂದಿಯಲ್ಲಿ ಇಳಿದು ಕೇಪನ್ನು (ಮದ್ದಿಗೆ ಕಿಡಿ ಕೊಡುವ, ತಳದ ನಡುವಿನ ಬಿಲ್ಲೆ) ಕೆಡಿಸುತ್ತದೆ. ಎಸೆಯುವುದು, ಹೂಳುವುದು ಕೂಡ ಬೇಡ. ಅಪ್ಪನ ಬೆಲ್ಟಿನಲ್ಲಿ ಅಂಥವು ಆರು ಸಿಕ್ಕಿದವು. ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ "ಹಾಳಾದದ್ದು" ಅಂತ ಬರೆದು ಬೀಗ ಹಾಕಿದ್ದೇವೆ. ಏನು ಮಾಡಬೇಕು ಅಂತ ಕೇಳಲು ಅಪ್ಪ ಲೈಸೆನ್ಸ್ ಹಿಡಿದುಕೊಂಡು ಸೋಮವಾರ ಠಾಣೆಗೆ ಹೋಗುತ್ತಾರೆ.