ಹೈ ಪಾಯಿಂಟ್, ಸಿಯಾಟಲ್: ಬಡವರ ಬಡಾವಣೆಗೆ ಹಸಿರು ಬಂದದ್ದು ಯಾರ ಹಣದಲ್ಲಿ?

ಹಸಿರು ಕಟ್ಟಡದ ಪಾಠ ಸಾಮಾನ್ಯವಾಗಿ ಸೌರಫಲಕದಿಂದ ಶುರುವಾಗಿ ರೇಟಿಂಗ್ ಪಟ್ಟಿಯಲ್ಲಿ ಮುಗಿಯುತ್ತದೆ. ಕಡಿಮೆ ಬಾಡಿಗೆಯ ವಸತಿಯ ವಿಷಯಕ್ಕೆ ಬಂದಾಗ ಇವೆರಡನ್ನೂ ಸ್ವಲ್ಪ ಬದಿಗಿಟ್ಟು ಹಣದ ಪ್ರಶ್ನೆ ಕೇಳಬೇಕು. ಬಾಡಿಗೆ ಏರಿಸುವಂತಿಲ್ಲ ಎಂದಾದ ಮೇಲೆ ಹೆಚ್ಚುವರಿ ಖರ್ಚನ್ನು ಹೊರುವವರು ಯಾರು, ಮತ್ತು ಅವರು ಏಕೆ ಹೊರುತ್ತಾರೆ? ಇದಕ್ಕೆ ಉತ್ತರ ಕಲಿಯಲು ಅಮೆರಿಕದ ಸಿಯಾಟಲ್ ನಗರದ ಹೈ ಪಾಯಿಂಟ್ ಬಡಾವಣೆ ಒಳ್ಳೆಯ ಉದಾಹರಣೆ.

ಹಿನ್ನೆಲೆ ಚಿಕ್ಕದಾಗಿ ಸಾಕು. 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಯುದ್ಧೋದ್ಯಮದ ಕಾರ್ಮಿಕರಿಗಾಗಿ ಅವಸರದಲ್ಲಿ ಕಟ್ಟಿದ ಮನೆಗಳಿವು. ಮುಂದೆ ಇವೇ ಸಾರ್ವಜನಿಕ ವಸತಿಯಾದವು, ಅಂದರೆ ಸರ್ಕಾರಿ ಪ್ರಾಧಿಕಾರ ಬಡವರಿಗೆ ಕಡಿಮೆ ಬಾಡಿಗೆಗೆ ಕೊಡುವ ಮನೆಗಳಾದವು. ಸುಮಾರು 120 ಎಕರೆಯಲ್ಲಿ 716 ಮನೆಗಳು. 2000ದಲ್ಲಿ ಸಿಯಾಟಲ್ ವಸತಿ ಪ್ರಾಧಿಕಾರಕ್ಕೆ 'ಹೋಪ್ ಸಿಕ್ಸ್' ಎಂಬ ಕೇಂದ್ರ ಸರ್ಕಾರದ ಯೋಜನೆಯಿಂದ 3.5 ಕೋಟಿ ಡಾಲರ್ ಅನುದಾನ ದೊರೆಯಿತು. ಹಳೆಯದನ್ನು ಕೆಡವಿ, ಸುಮಾರು 1,600 ಮನೆಗಳ ಮಿಶ್ರ ಆದಾಯದ ಬಡಾವಣೆ ಕಟ್ಟುವುದು ಯೋಜನೆ. ನೂರಕ್ಕೂ ಹೆಚ್ಚು ದೊಡ್ಡ ಮರಗಳನ್ನು ಕಡಿಯದೆ ಉಳಿಸಿಕೊಂಡರು.

ಮೊದಲು ನೀರಿನ ಕಥೆ. ಈ ಗುಡ್ಡದ ಮಳೆನೀರು ಹರಿದು ಸೇರುವುದು ಲಾಂಗ್‌ಫೆಲೋ ತೊರೆಗೆ. ಅದು ಕೋಹೋ ಸಾಲ್ಮನ್ ಮೀನು ಮೊಟ್ಟೆಯಿಡಲು ಬರುವ ತೊರೆ. ಅದರ ಜಲಾನಯನದ ಸುಮಾರು ಶೇ. 10ರಷ್ಟು ಭಾಗ ಈ ಒಂದೇ ಬಡಾವಣೆ. ರಸ್ತೆಯ ಎಣ್ಣೆ, ಟೈರಿನ ಪುಡಿ, ಲೋಹದ ಕಣಗಳನ್ನೆಲ್ಲ ಹೊತ್ತು ಒಮ್ಮೆಲೇ ನುಗ್ಗುವ ನೀರು ಮೀನಿಗೆ ಮಾರಕ. ಆದ್ದರಿಂದ ನಗರದ ನೀರು ಪೂರೈಕೆ ಮತ್ತು ಚರಂಡಿ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆಗೆ ಈ ಯೋಜನೆಯಲ್ಲಿ ಸ್ವಂತ ಆಸಕ್ತಿ ಹುಟ್ಟಿತು. ಅದು ಪಾಲುದಾರನಾಗಿ ಬಂದು ಖರ್ಚಿಗೂ ಕೈಜೋಡಿಸಿತು. ವಸತಿ ಪ್ರಾಧಿಕಾರವೊಂದೇ ಇದ್ದಿದ್ದರೆ ಸಿಮೆಂಟಿನ ಕೊಳವೆ ಹೂತು ಕೈತೊಳೆದುಕೊಳ್ಳುತ್ತಿತ್ತು ಎಂಬುದು ನನ್ನ ಊಹೆ.

ಕೆಲಸ ಮಾಡುವ ಬಗೆ ಹೀಗೆ. ಸೂರಿನ ನೀರು ಕೊಳವೆಯ ಮೂಲಕ ನೇರ ಚರಂಡಿಗೆ ಹೋಗುವುದಿಲ್ಲ. ಮೊದಲು ಅಂಗಳದ ಮಣ್ಣಿಗೆ ಬೀಳುತ್ತದೆ. ಕಾಂಪೋಸ್ಟ್ ಬೆರೆಸಿ ಸಡಿಲ ಮಾಡಿದ ಆ ಮಣ್ಣು ಹೀರಿದಷ್ಟು ಹೀರುತ್ತದೆ. ಮಿಕ್ಕಿದ್ದು ರಸ್ತೆ ಬದಿಯ ಸ್ವೇಲ್‌ಗೆ ಇಳಿಯುತ್ತದೆ. ಸ್ವೇಲ್ ಎಂದರೆ ಹುಲ್ಲು, ಗಿಡ ನೆಟ್ಟ, ಆಳವಿಲ್ಲದ ಅಗಲವಾದ ತಗ್ಗು. ಅದರ ಕೆಳಗೆ ನೀರು ಬೇಗ ಇಂಗುವಂತೆ ಸಿದ್ಧಪಡಿಸಿದ ಮಣ್ಣಿನ ಪದರ ಇರುತ್ತದೆ. ಕೊಳೆಯ ಬಹುಪಾಲು ಇಲ್ಲಿಯೇ ಸೋಸಿಹೋಗುತ್ತದೆ. ಇದರ ಜೊತೆಗೆ ರಸ್ತೆಗಳನ್ನು ವಾಡಿಕೆಗಿಂತ ಕಿರಿದಾಗಿಸಿದರು, ಕೆಲವೆಡೆ ನೀರು ಇಳಿಯುವ ರಂಧ್ರಯುಕ್ತ ಕಾಂಕ್ರೀಟ್ ಹಾಕಿದರು. ಇಷ್ಟಾಗಿಯೂ ಉಳಿದ ನೀರಿಗೆ ಕೊನೆಯಲ್ಲೊಂದು ಕೊಳವಿದೆ. ಮೇಲಿನ ಹಂತಗಳೆಲ್ಲ ಸೇರಿ ಆ ಕೊಳದ ಮೇಲಿನ ಹೊರೆಯನ್ನು ಇಳಿಸುತ್ತವೆ. ಅದು ಈಗ ಉದ್ಯಾನದ ಭಾಗವೂ ಹೌದು.

ಇಲ್ಲಿ ನಮ್ಮ ವಿದ್ಯಾರ್ಥಿಗಳಿಗೊಂದು ಎಚ್ಚರಿಕೆ. ಸಿಯಾಟಲ್ ಮತ್ತು ಬೆಂಗಳೂರು, ಎರಡೂ ಕಡೆ ವಾರ್ಷಿಕ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಹಾಗೆಂದು ಅಲ್ಲಿನ ಸ್ವೇಲ್‌ನ ಅಳತೆಯನ್ನು ಇಲ್ಲಿಗೆ ತರುವಂತಿಲ್ಲ. ಅಲ್ಲಿ ಚಳಿಗಾಲವಿಡೀ ಜಿಟಿಜಿಟಿ ಮಳೆ. ಇಲ್ಲಿ ಸಂಜೆಯ ಒಂದೆರಡು ಗಂಟೆಯಲ್ಲಿ ಆಕಾಶ ಕಳಚಿ ಬೀಳುತ್ತದೆ. ವಿನ್ಯಾಸಕ್ಕೆ ಬೇಕಾದದ್ದು ವರ್ಷದ ಮೊತ್ತವಲ್ಲ, ಗಂಟೆಯ ತೀವ್ರತೆ. ಪರೀಕ್ಷೆಯಲ್ಲೂ ಈ ವ್ಯತ್ಯಾಸವನ್ನು ಬರೆಯದೆ ಬಿಡಬೇಡಿ.

ಎರಡನೆಯ ಕಥೆ ಉಸಿರಿನದು. ಹಳೆಯ ಮನೆಗಳ ತೇವ ಮತ್ತು ಬೂಷ್ಟು ಅಸ್ತಮಾ ಇರುವ ಮಕ್ಕಳನ್ನು ಕಾಡುತ್ತಿದ್ದವು. ಹೊಸ ಬಡಾವಣೆಯ ಮೊದಲ ಹಂತದಲ್ಲಿ 35, ಎರಡನೆಯ ಹಂತದಲ್ಲಿ 25, ಒಟ್ಟು 60 ಮನೆಗಳನ್ನು 'ಬ್ರೀದ್ ಈಸಿ' ಎಂಬ ಹೆಸರಿನಲ್ಲಿ ಇಂತಹ ಮಕ್ಕಳ ಕುಟುಂಬಗಳಿಗೆಂದೇ ಕಟ್ಟಿದರು. ಕಾರ್ಪೆಟ್ ಬದಲು ಲಿನೋಲಿಯಂ ನೆಲ, ಕಡಿಮೆ ರಾಸಾಯನಿಕ ಬಿಡುವ ಬಣ್ಣ ಮತ್ತು ಅಂಟು, ತೇವ ಏರದಂತೆ ಕಟ್ಟಿದ ತಳಪಾಯ, ಹೊರಗಿನ ಗಾಳಿಯನ್ನು ಸೋಸಿ ಒಳಬಿಡುವ ವ್ಯವಸ್ಥೆ. ಮನೆಯೊಂದಕ್ಕೆ ಹೆಚ್ಚುವರಿಯಾಗಿ ಬಿದ್ದ ಖರ್ಚು ಸುಮಾರು 5,000ದಿಂದ 7,000 ಡಾಲರ್. ಮನೆಯೊಳಗೆ ಧೂಮಪಾನ ಮಾಡುವುದಿಲ್ಲ, ರೋಮವಿರುವ ಪ್ರಾಣಿ ಸಾಕುವುದಿಲ್ಲ ಎಂದು ಬಾಡಿಗೆದಾರರೂ ಒಪ್ಪಬೇಕಿತ್ತು. ಆರೋಗ್ಯ ಸಂಶೋಧನೆಯ ಅನುದಾನ ಇಲ್ಲಿಗೆ ಹರಿದು ಬಂದಿತು. ನೀರಿನ ವಿಷಯದಲ್ಲಿ ಆದಂತೆಯೇ, ಈ ಮನೆಗಳು ಉತ್ತಮವಾಗಲಿ ಎಂದು ಬಯಸುವ ಮತ್ತೊಂದು ಜೇಬು ಸಿಕ್ಕಿತು.

ಫಲಿತಾಂಶವನ್ನು ಅಳೆದೂ ನೋಡಿದರು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ವಾರಗಳಲ್ಲಿ ಅಸ್ತಮಾ ಲಕ್ಷಣವಿಲ್ಲದ ದಿನಗಳು ಹಳೆಯ ಮನೆಯಲ್ಲಿ ಸರಾಸರಿ 7.6 ಇದ್ದವು, ಹೊಸ ಮನೆಗೆ ಬಂದು ವರ್ಷವಾದ ಮೇಲೆ 12.4 ಆದವು. ಹಿಂದಿನ ಮೂರು ತಿಂಗಳಲ್ಲಿ ತುರ್ತಾಗಿ ವೈದ್ಯರ ಬಳಿ ಓಡಬೇಕಾಗಿ ಬಂದ ಮಕ್ಕಳ ಪ್ರಮಾಣ ಶೇ. 62ರಿಂದ 21ಕ್ಕೆ ಇಳಿಯಿತು.

ಈ ಅಂಕಿಗಳನ್ನು ಉಲ್ಲೇಖಿಸುವಾಗ ಎರಡು ಮಾತು ಸೇರಿಸಿ. ಅಧ್ಯಯನದಲ್ಲಿದ್ದವರು ಕೇವಲ 34 ಮಕ್ಕಳು. ಜೊತೆಗೆ, ಮನೆ ಬದಲಿಸದೆ ಮನೆಬಾಗಿಲಿಗೆ ಬಂದ ಆರೋಗ್ಯ ಕಾರ್ಯಕರ್ತರಿಂದ ತಿಳಿವಳಿಕೆ ಪಡೆದ ಹೋಲಿಕೆಯ ಗುಂಪಿನ ಮಕ್ಕಳೂ ಸುಧಾರಿಸಿದ್ದರು. ಅಂದರೆ ಮೊದಲು ಮತ್ತು ನಂತರದ ನಡುವಿನ ಪೂರ್ತಿ ವ್ಯತ್ಯಾಸವನ್ನು ಗೋಡೆ, ನೆಲ, ಗಾಳಿಯಂತ್ರಗಳ ಖಾತೆಗೆ ಬರೆಯಲಾಗದು. ಅಸ್ತಮಾ ಏರಿಳಿಯುವ ಕಾಯಿಲೆ. ತೀರಾ ಹದಗೆಟ್ಟಾಗ ಇಂತಹ ಮನೆಗೆ ಅರ್ಜಿ ಹಾಕುವವರು ಆಮೇಲೆ ತಾವಾಗಿಯೂ ಸ್ವಲ್ಪ ಸುಧಾರಿಸಬಹುದು. ಆದರೂ ನನಗೆ ಈ ಪ್ರಯೋಗ ಇಷ್ಟವಾಗುವುದಕ್ಕೆ ಕಾರಣವಿದೆ: ವಿದ್ಯುತ್ ಬಿಲ್ಲಿನಾಚೆಗೆ ಏನನ್ನಾದರೂ ಅಳೆಯುವ ಹಸಿರು ಕಟ್ಟಡದ ಯೋಜನೆಗಳು ಅಪರೂಪ.

ಇನ್ನು ಕಹಿ ಭಾಗ. ಹೋಪ್ ಸಿಕ್ಸ್ ಶುರುವಾದದ್ದು 1990ರ ದಶಕದ ಆರಂಭದಲ್ಲಿ. ಕೆಡವಿದ ಪ್ರತಿ ಸಾರ್ವಜನಿಕ ಮನೆಗೆ ಬದಲಿಯಾಗಿ ಒಂದು ಮನೆ ಕಟ್ಟಲೇಬೇಕೆಂಬ ಕೇಂದ್ರದ ನಿಯಮವನ್ನು 1995ರಲ್ಲಿ ಅಮಾನತಿನಲ್ಲಿಟ್ಟು, 1998ರಲ್ಲಿ ತೆಗೆದೇಬಿಟ್ಟರು. ದೇಶದ ಹಲವೆಡೆ ಬಡವರ ಮನೆಗಳ ಸಂಖ್ಯೆ ಕುಸಿದದ್ದು ಹೀಗೆ. ಸಿಯಾಟಲ್ ಪ್ರಾಧಿಕಾರ ಬದಲಿ ಮನೆಗಳನ್ನು ಕೊಡುವುದಾಗಿ ತಾನೇ ಒಪ್ಪಿಕೊಂಡಿತ್ತು, ಆದರೆ ನಗರದ ಬೇರೆಡೆಯ ಮನೆಗಳನ್ನೂ ಸೇರಿಸಿ. ಹೈ ಪಾಯಿಂಟ್‌ನೊಳಗೆ ಕಡಿಮೆ ಆದಾಯದವರಿಗೆ ಬಾಡಿಗೆಗಿರುವುದು ಹೊಸ ಮನೆಗಳಲ್ಲಿ ಅರ್ಧದಷ್ಟು. ಉಳಿದವುಗಳಲ್ಲಿ ಹೆಚ್ಚಿನವು ಮಾರುಕಟ್ಟೆ ದರದಲ್ಲಿ ಮಾರಾಟವಾದವು. ಹಳೆಯ ಕುಟುಂಬಗಳೆಲ್ಲ ಮರಳಿ ಬರಲಿಲ್ಲ.

ಆದ್ದರಿಂದ ಇಂತಹ ಯಾವುದೇ ಪುನರಾಭಿವೃದ್ಧಿಯ ಟಿಪ್ಪಣಿ ಮಾಡಿಕೊಳ್ಳುವಾಗ ಮೂರು ಸಂಖ್ಯೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ: ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಕಡಿಮೆ ಬಾಡಿಗೆಯ ಮನೆಗಳು, ಬೇರೆಡೆ ಕೊಟ್ಟ ಬದಲಿ ಮನೆಗಳು, ನಿಜವಾಗಿ ಮರಳಿ ಬಂದ ಹಳೆಯ ಕುಟುಂಬಗಳು. ಯೋಜನಾ ವರದಿಗಳು ಮೊದಲೆರಡನ್ನು ಕೂಡಿಸಿ ಹೇಳುತ್ತವೆ, ಮೂರನೆಯದನ್ನು ಹುಡುಕಿಕೊಂಡೇ ಹೋಗಬೇಕು.