ಸಂದಿ ಕಿರಿದಾದಷ್ಟೂ ನೀರು ಮೇಲೇರುತ್ತದೆ

ಬಳಪ ಹಿಡಿದು ಅ ಆ ಇ ಈ ತಿದ್ದಿದ ಸ್ಲೇಟು ನೆನಪಿದೆಯೇ? ಅದೇ ಜಾತಿಯ ಕಲ್ಲನ್ನು ಇಂಗ್ಲೆಂಡಿನಲ್ಲಿ ಮನೆಯ ಮಾಡಿಗೆ ಹೊದಿಸುತ್ತಾರೆ. ನಮ್ಮ ಪಾಟಿಗೆ ಆಂಧ್ರದ ಮಾರ್ಕಾಪುರ ಹೆಸರಾದರೆ ಅವರ ಮಾಡಿಗೆ ವೇಲ್ಸ್‌ನ ಪೆನ್‌ರಿನ್ ಗಣಿ. ಸುಮಾರು 50 ಕೋಟಿ ವರ್ಷಗಳ ಹಿಂದಿನ ಕಡಲ ಕೆಸರು ಬೆಟ್ಟಗಳೇಳುವಾಗ ಅದುಮಿಸಿಕೊಂಡು, ಉಳಿಯಿಟ್ಟು ತಟ್ಟಿದರೆ ಹಾಳೆಹಾಳೆಯಾಗಿ ಬಿಡುವ ಕಲ್ಲಾಯಿತು. 20 ಇಂಚು ಉದ್ದ, 10 ಇಂಚು ಅಗಲದ ಹಲಗೆಗೆ ಅಲ್ಲಿ ‘ಕೌಂಟೆಸ್’ ಎಂದು ಹೆಸರು. 24ಕ್ಕೆ 12 ಇದ್ದರೆ ‘ಡಚೆಸ್’.

ಮ್ಯಾಂಚೆಸ್ಟರಿನಲ್ಲಿ ಗೋಡೆಗೆ ಗೋಡೆ ಅಂಟಿದ ಸಾಲುಮನೆಯೊಂದರಲ್ಲಿರುವ ನನ್ನ ಗೆಳೆಯ ಹೊಸ ಸ್ಲೇಟು ಹೊದಿಸಿದ. ಪಕ್ಕದ ಮನೆಯದು ಹಳೇ ಮಾಡು. ಎರಡೂ ಸೇರುವಲ್ಲಿ ಕೆಲಸದವನು ಸಿಮೆಂಟು ಮೆತ್ತಿ ಹೋದ. ಚಳಿಗಾಲದ ಮಳೆಗೆ ಅಟ್ಟದಲ್ಲಿ ಕಂದು ಕಲೆ ಮೂಡಿತು, ಅದೂ ಸಿಮೆಂಟಿನ ನೇರ ಕೆಳಗಲ್ಲ, ಗೇಣು ದೂರದಲ್ಲಿ. “ಇನ್ನೊಂದಿಷ್ಟು ಸಿಮೆಂಟು ಹಾಕಿಸೋ” ಎಂದರು ಬೆಂಗಳೂರಿನಿಂದ ಅವನ ಅಪ್ಪ. ಯಾರನ್ನು ಕೇಳಿದರೂ ಹೇಳುವುದು ಇದನ್ನೇ. ನನಗೆ ಸಂಕಟವಾಗುವುದೂ ಇಲ್ಲೇ. ಸೋರುವ ಕಡೆಯೆಲ್ಲ ಮೆತ್ತಿದರೆ ಮುಗಿಯಿತು ಎಂದುಕೊಂಡವರು ನೀರಿನ ಸ್ವಭಾವವನ್ನೇ ಮರೆತಿರುತ್ತಾರೆ.

ಬಕೆಟ್ಟಿನಲ್ಲಿ ನೆನೆಹಾಕಿದ ಪಂಚೆಯ ತುದಿ ಹೊರಗೆ ಜೋತುಬಿದ್ದಿದ್ದರೆ ಬೆಳಗಾಗುವಷ್ಟರಲ್ಲಿ ನೆಲ ಒದ್ದೆ. ನೀರು ನೂಲಿನ ಸಂದಿ ಹಿಡಿದು ಬಕೆಟ್ಟಿನ ಅಂಚನ್ನೇ ಹತ್ತಿ ಇಳಿದಿರುತ್ತದೆ. ದೀಪದ ಬತ್ತಿಗೆ ಎಣ್ಣೆ ಏರುವುದೂ ಹೀಗೆಯೇ. ತೊಳೆದು ಪೇರಿಸಿಟ್ಟ ಸ್ಟೀಲ್ ತಟ್ಟೆಗಳ ನಡುವೆ ನೀರು ಸಿಕ್ಕಿಕೊಂಡು ಇಳಿಯದೇ ಕೂರುವುದನ್ನೂ ನೋಡಿರುತ್ತೀರಿ. 1712ರಲ್ಲಿ ಬ್ರೂಕ್ ಟೇಲರ್ (ಪದವಿ ತರಗತಿಯಲ್ಲಿ ಕಾಡಿದ ಟೇಲರ್ ಶ್ರೇಣಿಯ ಟೇಲರೇ) ಎರಡು ಗಾಜಿನ ಹಲಗೆಗಳನ್ನು ಒಂದು ಅಂಚಿನಲ್ಲಿ ಕೂಡಿಸಿ, ಇನ್ನೊಂದು ಅಂಚನ್ನು ತುಸು ಬಿಡಿಸಿ ನೀರಿನಲ್ಲಿ ನಿಲ್ಲಿಸಿ ನೋಡಿದ. ಅಂಚುಗಳು ಕೂಡುವತ್ತ ಹೋದಂತೆ ನೀರು ಎತ್ತರೆತ್ತರಕ್ಕೆ ಏರಿ ಚೆಂದದ ಹೈಪರ್‌ಬೋಲಾ ಗೆರೆ ಬರೆಯಿತು! 1 ಮಿ.ಮೀ. ಸಂದಿಯಲ್ಲಿ ನೀರು ಏರಬಲ್ಲದ್ದು ಸುಮಾರು ಒಂದೂವರೆ ಸೆಂ.ಮೀ.; ಅರ್ಧ ಮಿ.ಮೀ.ನಲ್ಲಿ 3 ಸೆಂ.ಮೀ. ಮಾಡಿನ ಇಳಿಜಾರು 30 ಡಿಗ್ರಿ ಇದ್ದರೆ ಆ 3 ಸೆಂ.ಮೀ. ಎತ್ತರವೆಂದರೆ ಕಲ್ಲಿನ ಮೈಮೇಲೆ 6 ಸೆಂ.ಮೀ. ದಾರಿ. ಅದಕ್ಕೇ ಸ್ಲೇಟಿನವರು ಒಂದು ಸಾಲನ್ನು ಅದರ ಕೆಳಗಿನ ಎರಡನೇ ಸಾಲಿನ ಮೇಲೂ ಮೂರು ಇಂಚಿನಷ್ಟು ಚಾಚುತ್ತಾರೆ. ಮಾಡು ಚಪ್ಪಟೆಯಾದಷ್ಟೂ ಆ ಚಾಚು ಹೆಚ್ಚಬೇಕು.

ನೀರು ಪಕ್ಕಕ್ಕೂ ಹರಡುತ್ತದೆ. ಎರಡು ಹಲಗೆಗಳ ನಡುವೆ ಇಳಿದ ಹನಿ ಕೆಳಗಿನ ಹಲಗೆಯ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಆ ಸಂದಿ ಕೆಳಗಿನ ಹಲಗೆಯ ನಟ್ಟನಡುವೆ ಬಂದರೆ ಹತ್ತಿಂಚು ಅಗಲದ ಕೌಂಟೆಸ್‌ನಲ್ಲಿ ಎರಡೂ ಕಡೆ ಐದೈದು ಇಂಚು ಕಾವಲು. ನಮ್ಮ ಮಂಗಳೂರು ಹಂಚಿಗೆ ಒಂದನ್ನೊಂದು ಕಚ್ಚಿಕೊಳ್ಳುವ ಏಣು, ಕಾಲುವೆ ಇವೆ. ಸ್ಲೇಟಿಗೆ ಈ ಅಗಲವೊಂದೇ ಗತಿ. ಪಕ್ಕದವರ ಸಾಲುಗಳು ಹೊಂದದೆ ಎರಡೂ ಮಾಡುಗಳ ಅಂಚು ಉದ್ದಕ್ಕೂ ಒಂದೇ ಗೆರೆಗೆ ಬಂದು ನಿಂತರೆ ಆ ಕಾವಲು ಹೋಯಿತು. ಎರಡು ಮನೆಗಳ ಮರಮುಟ್ಟು ಬೇರೆಬೇರೆಯಾಗಿ ಅಲುಗುವಾಗ ಸಿಮೆಂಟು ಕೂದಲೆಳೆಯಷ್ಟು ಬಿರಿಯುತ್ತದೆ. ಟೇಲರನ ಗಾಜು ತೋರಿಸಿದ್ದು ಇದನ್ನೇ: ಬಿರುಕು ಸಣ್ಣದಾದಷ್ಟೂ ನೀರಿನ ಸೆಳೆತ ಜಾಸ್ತಿ.

ಎರಡೂ ಕಡೆಯ ಕಲ್ಲುಗಳ ಅಳತೆ ಹೊಂದಿದರೆ ಪಕ್ಕದವರ ಒಪ್ಪಿಗೆ ಪಡೆದು ಅವರ ಅಂಚಿನ ಕಲ್ಲುಗಳನ್ನು ಬಿಚ್ಚಿ ಹೊಸ ಸಾಲಿನೊಳಗೆ ಹೆಣೆಯಬಹುದು. ಗೆಳೆಯನ ಮನೆಯಲ್ಲಿ ಹೊಂದಲಿಲ್ಲ. ಎರಡನೆಯ ಕೆಲಸಗಾರ ಸಿಮೆಂಟು ಕಿತ್ತು, ಎರಡೂ ಮಾಡುಗಳ ಅಂಚಿನಡಿ ಸೀಸದ ತಗಡಿನ ದೋಣಿ ಕೂರಿಸಿದ. ನಡುವೆ ಬೇಕೆಂದೇ ಬೆರಳಗಲ ಸಂದಿ ಬಿಟ್ಟ, ಅಷ್ಟಗಲಕ್ಕೆ ನೀರು ಮೇಲೇರಲಾರದು. ತಗಡಿನ ಎರಡೂ ಅಂಚನ್ನು ಒಳಕ್ಕೆ ಮಡಚಿದ, ಪಕ್ಕಕ್ಕೆ ಸರಿದ ನೀರು ಅಲ್ಲೇ ತಿರುಗಲಿ ಎಂದು. ಬಿಸಿಲಿಗೆ ಸೀಸ ಹಿಗ್ಗುವುದರಿಂದ ಯಾವ ತುಂಡನ್ನೂ ಒಂದೂವರೆ ಮೀಟರಿಗಿಂತ ಉದ್ದ ಇಡಲಿಲ್ಲ. ಮೇಲಿನ ತುಂಡಿನ ತುದಿ ಕೆಳಗಿನದರ ಮೇಲೆ, ಸೂರಿನ ಗಟಾರದವರೆಗೆ.