ಮಿಲಿಯನ್ ಯಾವಾಗ ಸಾವಿರ, ಯಾವಾಗ ಕೋಟಿ?

ನನ್ನದು ಅನುವಾದದ ಕೆಲಸ. ಒಮ್ಮೆ ಒಂದೇ ದಿನ ಎರಡು ಕೆಲಸ ಮೇಜಿನ ಮೇಲಿದ್ದವು. ಒಂದು ಧಾರಾವಾಹಿಯ ಸಬ್‌ಟೈಟಲ್, ಇನ್ನೊಂದು ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿ. ಎರಡರಲ್ಲೂ ‘ಒನ್ ಇನ್ ಎ ಮಿಲಿಯನ್’ ಇತ್ತು. ಧಾರಾವಾಹಿಯಲ್ಲಿ ಹುಡುಗ ಹುಡುಗಿಯನ್ನು ಹೊಗಳುತ್ತಿದ್ದ, ಅಲ್ಲಿ ‘ನೀನು ಕೋಟಿಗೊಬ್ಬಳು’ ಎಂದು ಬರೆದೆ. ಚೀಟಿಯಲ್ಲಿ ಅದು ಅಡ್ಡಪರಿಣಾಮದ ಲೆಕ್ಕ, ಅಲ್ಲಿ ‘ಹತ್ತು ಲಕ್ಷಕ್ಕೆ ಒಬ್ಬರಲ್ಲಿ’ ಎಂದೇ ಬರೆಯಬೇಕಿತ್ತು. ಅದಲುಬದಲಾಗಿದ್ದರೆ? ಹುಡುಗಿ ‘ಹತ್ತು ಲಕ್ಷಕ್ಕೆ ಒಬ್ಬಳು’ ಆಗುತ್ತಿದ್ದಳು, ಜನ ನಗುತ್ತಿದ್ದರು ಅಷ್ಟೆ. ಚೀಟಿಯಲ್ಲಿ ಮಾತ್ರ ಅಪಾಯ ಹತ್ತು ಪಟ್ಟು ಕಡಿಮೆ ಕಾಣುತ್ತಿತ್ತು.

ಹಾಗಾಗಿ ದೊಡ್ಡ ಸಂಖ್ಯೆ ಕಂಡ ತಕ್ಷಣ ನಾನು ಕೇಳಿಕೊಳ್ಳುವುದು ಒಂದೇ. ಇದು ಎಣಿಸುತ್ತಿದೆಯೋ, ಸುಮ್ನೆ ಮಾತಾಡುತ್ತಿದೆಯೋ?

ನಮ್ಮ ಮಾತಿನಲ್ಲಿ ಸುಮ್ನೆ ಮಾತಾಡುವ ಸಂಖ್ಯೆಗಳೇ ಜಾಸ್ತಿ. ‘ನೂರೆಂಟು ನೆಪ ಹೇಳಿದ’ ಅಂದರೆ ಯಾರೂ 108 ನೆಪ ಎಣಿಸುವುದಿಲ್ಲ. ಮದುವೆಗೆ ಸಾವಿರ ಸುಳ್ಳು, ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಇಂಗ್ಲಿಷ್ ಅಮ್ಮ ಮಗನಿಗೆ ‘ಮಿಲಿಯನ್ ಸಲ ಹೇಳಿದೀನಿ’ ಅಂತ ರೇಗಿದರೆ ಕನ್ನಡದ ಅಮ್ಮ ‘ಸಾವಿರ ಸಲ ಹೇಳಿದೀನಿ’ ಅನ್ನುತ್ತಾಳೆ. ಬೈಯುವಾಗ ನಮಗೆ ಸಾವಿರ ಸಾಕು. ಹೊಗಳಿಕೆಗೆ, ದೇವರಿಗೆ, ದುಡ್ಡಿಗೆ ಮಾತ್ರ ಕೋಟಿ ತೆಗೆಯುತ್ತೇವೆ. ಹಾಗಂತ ನಿಯಮವೇನೂ ಇಲ್ಲ, ಇಷ್ಟು ವರ್ಷ ಅನುವಾದ ಮಾಡಿ ನನಗೆ ಕಂಡದ್ದು.

ಇನ್ನೊಂದು ಚಂದದ ವಿಷಯ. ಲೆಕ್ಕ ಖಚಿತ ಇಲ್ಲದಾಗ ನಾವು ಹತ್ತಾರು, ನೂರಾರು, ಸಾವಿರಾರು ಅನ್ನುತ್ತೇವೆ. ಆದರೆ ‘ಲಕ್ಷಾರು’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಲಕ್ಷಕ್ಕೆ ಬಂದ ಕೂಡಲೇ ಬಾಲ ಬದಲಾಗುತ್ತದೆ. ಲಕ್ಷಾಂತರ, ಕೋಟ್ಯಂತರ. ಹತ್ತು, ನೂರು ನಮ್ಮವೇ. ಲಕ್ಷ, ಕೋಟಿ ಸಂಸ್ಕೃತದಿಂದ ಹಾಗೇ ಬಂದವು, ತಮ್ಮ ಬಾಲವನ್ನೂ ಜೊತೆಗೆ ತಂದವು. ಸಾವಿರವೂ ‘ಸಹಸ್ರ’ದಿಂದಲೇ ಬಂದದ್ದು. ಆದರೆ ಅದು ಬಂದು ಎಷ್ಟೋ ಕಾಲವಾಗಿ ಮನೆಯವನೇ ಆಗಿಬಿಟ್ಟಿದೆ, ಅದಕ್ಕೇ ‘ಆರು’ ಹಚ್ಚಿಸಿಕೊಳ್ಳುತ್ತದೆ. ತೆಲುಗಿನವರು ತಮ್ಮದೇ ‘ವೆಯ್ಯಿ’ಯನ್ನು ಉಳಿಸಿಕೊಂಡಿದ್ದಾರೆ.

ಇನ್ನು ನಿಜವಾಗಿ ಎಣಿಸುವ ಸಂಖ್ಯೆಗಳು. ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದಾಗ ಒಂದು ರಾತ್ರಿ 1.2 ಬಿಲಿಯನ್ ಅನ್ನು ನಾನು ‘1.2 ಕೋಟಿ’ ಮಾಡಿದ್ದೆ. ಆಗಬೇಕಿದ್ದದ್ದು 120 ಕೋಟಿ. ಡೆಸ್ಕಿನಲ್ಲಿ ಯಾರಿಗೂ ಕಾಣಲಿಲ್ಲ. ಓದುಗರೊಬ್ಬರ ಪೋಸ್ಟ್ ಕಾರ್ಡ್ ಬಂತು, ‘ಎರಡು ಸೊನ್ನೆ ಯಾರು ತಿಂದರು?’ ಅಂತ. ಆಮೇಲೆ ಮಾನಿಟರಿಗೆ ಚೀಟಿ ಅಂಟಿಸಿಕೊಂಡೆ. ಮಿಲಿಯನ್ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ, ಟ್ರಿಲಿಯನ್ ಲಕ್ಷ ಕೋಟಿ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ವಿದೇಶದವರಿಗೆ ಹೇಳುವಾಗ ಅದು ಸುಮಾರು 4.1 ಟ್ರಿಲಿಯನ್. ‘ದಶಲಕ್ಷ’, ‘ಶತಕೋಟಿ’ ಅಂತ ಬರೆಯುವವರಿದ್ದಾರೆ. ತಪ್ಪಲ್ಲ, ಆದರೆ ಸಂತೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನನಗೆ ಹತ್ತು ಲಕ್ಷ, ನೂರು ಕೋಟಿಯೇ ಇಷ್ಟ.

ಹಳೆಯ ಬ್ರಿಟಿಷ್ ಪುಸ್ತಕ ಕೈಗೆ ಬಂದರೆ ಈ ಚೀಟಿಯೂ ಸಾಲದು. ಅವರಿಗೆ ಬಿಲಿಯನ್ ಅಂದರೆ ಲಕ್ಷ ಕೋಟಿ ಆಗಿತ್ತು, ನೂರು ಕೋಟಿಗೆ ‘ಸಾವಿರ ಮಿಲಿಯನ್’ ಅನ್ನುತ್ತಿದ್ದರು. ಅಲ್ಲಿನ ಸರಕಾರ ಅಮೆರಿಕದ ಲೆಕ್ಕಕ್ಕೆ ಹೊರಳಿದ್ದು 1974ರಲ್ಲಿ. ಜರ್ಮನಿಯಲ್ಲಿ ಇವತ್ತಿಗೂ ಬಿಲಿಯನ್ ಅಂದರೆ ಲಕ್ಷ ಕೋಟಿಯೇ.

ಆ ಹಳೆಯ ‘ಸಾವಿರ ಮಿಲಿಯನ್’ ಎಲ್ಲೂ ಹೋಗಿಲ್ಲ, ದಿನಾ ನಮ್ಮ ಬಾಯಲ್ಲೇ ಇದೆ. ಟಿಎಂಸಿ! ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಮಂಡ್ಯದ ರೈತರಿಗೆ ಟಿಎಂಸಿ ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್ ತುಂಬಿದರೆ 49.45 ಅಂತ ಅವರಿಗೆ ಗೊತ್ತು. ಕಷ್ಟ ಪಡುವವರು ನಗರದ ಓದುಗರು. ಒಂದು ಟಿಎಂಸಿ ಅಂದರೆ ಸುಮಾರು 2,831 ಕೋಟಿ ಲೀಟರ್. ಅಷ್ಟನ್ನೂ 12,000 ಲೀಟರಿನ ಟ್ಯಾಂಕರಿಗೆ ತುಂಬಿಸಿದರೆ 23 ಲಕ್ಷಕ್ಕೂ ಹೆಚ್ಚು ಟ್ಯಾಂಕರ್ ಬೇಕು. ಇಲ್ಲಿ ಪಾಯಿಂಟ್ ಆದಮೇಲಿನ ಅಂಕಿಯೂ ಸಣ್ಣದಲ್ಲ. 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಬಿಡಬೇಕೆಂದ ನೀರು 177.25 ಟಿಎಂಸಿ. ‘ಇರಲಿ, 177 ಅಂತ ಹಾಕು’ ಎಂದು ಆ ಕಾಲನ್ನು ಕೈಬಿಟ್ಟರೆ 700 ಕೋಟಿ ಲೀಟರ್ ಹೋಯಿತು.

ಎಣಿಸುವ ಸಂಖ್ಯೆಯೇ ಒಮ್ಮೊಮ್ಮೆ ಮೆಲ್ಲಗೆ ಮಾತಾಗಿಬಿಡುತ್ತದೆ. ವೇದಿಕೆ ಭಾಷಣದ ‘ಆರೂವರೆ ಕೋಟಿ ಕನ್ನಡಿಗರು’ ನೆನಪಿದೆ ಅಲ್ವಾ? 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ಅದರಲ್ಲಿ ತುಳು, ಉರ್ದು, ತೆಲುಗು, ಕೊಂಕಣಿ ಮನೆಮಾತಿನವರೂ ಇದ್ದಾರೆ. ದೇಶದಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಭಾಷಣಕಾರರು ಸುಳ್ಳು ಹೇಳುತ್ತಿಲ್ಲ, ಅವರು ಎಣಿಸುತ್ತಲೇ ಇಲ್ಲ. ‘ನಾವೆಲ್ಲರೂ’ ಅನ್ನುತ್ತಿದ್ದಾರೆ. ಅಂಥ ಭಾಷಣ ಇಂಗ್ಲಿಷಿಗೆ ಹೋಗುವಾಗ ನಾನು 65 ಮಿಲಿಯನ್ ಅಂತಲೇ ಬರೆಯುತ್ತೇನೆ. ಅದು ಅವರ ಮಾತು, ತಿದ್ದುವುದು ನನ್ನ ಕೆಲಸವಲ್ಲ. ಅದೇ ಸಂಖ್ಯೆ ವರದಿಯ ಕೋಷ್ಟಕದಲ್ಲಿ ಕಂಡರೆ ಮಾತ್ರ ಬರೆದವರಿಗೆ ಫೋನ್ ಮಾಡುತ್ತೇನೆ.